ಮೇಷ್ಟ್ರ ಚಸ್ಮಾಕ್ಕೊಂದು ಪದರ

"ಸರ್, ಈ ಲೇಪನ ನಿಮ್ಮ ಚಸ್ಮಾಕ್ಕೂ ಹಾಕಿಸ್ರಿ," ಎಂದು ಶಾಹೀನ್ ಹೇಳಿದಾಗ ಇಡೀ ಲ್ಯಾಬ್ ನಕ್ಕಿತು. ನಾನು ನಗಲಿಲ್ಲ.

ಯಲಬುರ್ಗಾದ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತೇನೆ. ಅಂದು ಬೆಳಕಿನ ಕಿರಣಗಳ ದಾರಿ ತೋರಿಸುವ ಸಾಫ್ಟ್‌ವೇರ್‌ನಲ್ಲಿ ಶಾಹೀನ್ ಒಂದು ಮಸೂರಕ್ಕೆ ಒಂದೇ ಪದರದ ತೆಳು ಲೇಪನ ಕೊಟ್ಟಿದ್ದಳು. ಲೇಪನದ ದಪ್ಪ, ವಕ್ರೀಭವನಾಂಕ ತುಂಬಿ ಗುಂಡಿ ಒತ್ತಿದೊಡನೆ, ಗಾಜಿಗೆ ಬಡಿದು ಹಿಂದಿರುಗುತ್ತಿದ್ದ ಕಿರಣಗಳು ಪರದೆಯ ಮೇಲೆ ಮಸುಕಾದವು. ನಾನು ಶಾಭಾಸ್ ಎನ್ನುವಷ್ಟರಲ್ಲಿ ಈ ಮಾತು!

"ನನ್ನ ಚಸ್ಮಾಕ್ಕ ಏನಾಗೇತವಾ?" ಎಂದೆ, ತುಸು ಬಿರುಸಾಗಿಯೇ.

"ಕಿಡಕಿ ಬೆಳಕು ಬಿದ್ರ ನಿಮ್ಮ ಕಣ್ಣ ಕಾಣಂಗಿಲ್ರಿ. ಮಾತು ತುಟಿ ನೋಡಿ ತಿಳಕೋತೀನ್ರಿ. ಆದ್ರ ಸಿಟ್ಟೋ ಚ್ಯಾಷ್ಟಿಯೋ ಅನ್ನೋದು ಕಣ್ಣ ನೋಡಿದ್ರಷ್ಟ ಗೊತ್ತಾಗ್ತೈತ್ರಿ."

ಅವಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ನಾನು ತಮಾಷೆ ಮಾಡಿದಾಗಲೆಲ್ಲ ಉಳಿದವರ ಮುಖ ನೋಡಿಕೊಂಡು ಅವಳು ತಡವಾಗಿ ನಗುತ್ತಿದ್ದುದನ್ನೂ ಕಂಡಿದ್ದೆ. ಹುಡುಗಿಗೆ ಎಲ್ಲವೂ ನಿಧಾನವಾಗಿ ತಲೆಗೆ ಹತ್ತುತ್ತದೆ ಎಂದುಕೊಂಡಿದ್ದ ಜಾಣ ಮೇಷ್ಟ್ರು ನಾನು.

ಆ ರವಿವಾರ ಕೊಪ್ಪಳಕ್ಕೆ ಹೋಗಿ ಲೇಪನವಿರುವ ಗಾಜು ಹಾಕಿಸಿಕೊಂಡು ಬಂದೆ. ಮರುದಿನ ತರಗತಿಯಲ್ಲಿ ಮುಖ ಬಿಗಿದುಕೊಂಡೇ ಹೇಳಿದೆ: "ಬೆಳಕಿನಷ್ಟು ಜೋರು ಯಾವುದೂ ಓಡಂಗಿಲ್ಲ. ಆದ್ರ ಯಲಬುರ್ಗಾ ಬಸ್ ಹತ್ತಿದ್ರ ಅದೂ ತಡಾ ಮಾಡೇ ಬರ್ತೈತಿ."

ಎಲ್ಲರಿಗಿಂತ ಮೊದಲು ನಕ್ಕವಳು ಶಾಹೀನ್.