ಪರಾತದ ಮೇಲಿನ ಕೈ

ಕಬ್ಬು ಕಡಿದ ಹೊಲದಲ್ಲಿ ರವದಿ ಸುಡುವ ವಾಸನೆ ಮೊನ್ನೆ ಕಬ್ಬೂರು ದಾಟುವಾಗ ನನ್ನ ಗಾಡಿಯೊಳಗೆ ನುಗ್ಗಿತು. ಆ ಒಣ ಎಲೆಯ ಹೊಗೆ ಮೂಗಿಗೆ ಬಡಿದರೆ ಸಾಕು, ಎದುರು ಮನೆಯ ಕಾಕಾ ನೆನಪಾಗುತ್ತಾರೆ. "ಈ ಹೊಗಿ ಬಂತಂದ್ರ ನನ್ನ ಬೆರಳ ತುರಸ್ತಾವ ನೋಡ. ನಮ್ಮಪ್ಪ ರವದಿ ಬೆಂಕಿಗೇ ಹಲಗಿ ಚರ್ಮ ಕಾಸ್ತಿದ್ದ" ಅನ್ನುತ್ತಿದ್ದರು. ತೀರಿಕೊಂಡವರನ್ನು ನೆನೆದರೆ ಕಣ್ಣು ಒದ್ದೆಯಾಗಬೇಕು. ನನಗೆ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಕಾಕಾ ಚಿಕ್ಕೋಡಿಯ ಕಚೇರಿಯೊಂದರಲ್ಲಿ ಜವಾನರಾಗಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮನೆಯ ಗೋಡೆಯ ಮೇಲೆ ಬುದ್ಧನ ಪಟ. ನಮ್ಮದೂ ಅವರದೂ ಅಲಖನೂರಿನ ಒಂದೇ ಓಣಿ, ಒಂದೇ ಮಂದಿ. ಅವರ ತಂದೆ ಊರ ದೊಡ್ಡಮನೆಯ ಬಾಗಿಲಲ್ಲಿ ಹಲಗಿ ಬಾರಿಸಿದವರು. ಮದುವೆಯಿರಲಿ, ಸಾವಿರಲಿ, ಕರೆ ಬಂದರೆ ಹೋಗಬೇಕು. ಮೆಟ್ಟಿಲ ಕೆಳಗೆ ನಿಂತು ಬಾರಿಸಬೇಕು. ಮೇಲಿನಿಂದ ಹಾಕಿದ ರೊಟ್ಟಿಯನ್ನು ಟಾವೆಲ್ಲಿನಲ್ಲಿ ಹಿಡಿಯಬೇಕು. ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಕಾಕಾ ಆ ಹಲಗಿಯನ್ನು ಮುರಿದು ಒಲೆಗೆ ಹಾಕಿದರಂತೆ. ನಮ್ಮ ಮನೆಯ ಕೈಯ ಸಪ್ಪಳ ಇನ್ನು ಆ ಬಾಗಿಲಿಗೆ ಹೋಗಬಾರದು ಎಂದು ಆಣೆ ಮಾಡಿದರಂತೆ. ಇದು ಓಣಿಗೆಲ್ಲ ಗೊತ್ತಿತ್ತು, ನನಗೂ ಗೊತ್ತಿತ್ತು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಿಳಿಯದೆ ಮಾಡಿದೆ ಅಂತ ಜಾರಿಕೊಳ್ಳಲು ನನಗೆ ದಾರಿಯಿಲ್ಲ.

ಆಗ ನಾನು ಹಳೆಯದೊಂದು ಲ್ಯಾಪ್‌ಟಾಪ್ ಹಿಡಿದು ಡಿಜೆ ಆಗಲು ಹೊರಟಿದ್ದೆ. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ಮೇಲೆ ತಂದು, ಕುಣಿಯುವವರ ಅರಿವಿಗೆ ಬಾರದ ಹಾಗೆ ದಾಟಿಸಬೇಕು. ಅದೇ ಮಿಕ್ಸಿಂಗ್. ನನ್ನ ಕೈಯಲ್ಲಿ ಎರಡು ಹಾಡು ಕೂಡಿದವೆಂದರೆ ಎರಡು ಗಾಡಿ ಡಿಕ್ಕಿ ಹೊಡೆದ ಹಾಗಿರುತ್ತಿತ್ತು. ಗೆಳೆಯನ ಮದುವೆಯ ಮೆರವಣಿಗೆಯಲ್ಲಿ ಹೀಗೇ ಆಗಿ ಮಂದಿ ಕುಣಿಯುವುದನ್ನೇ ನಿಲ್ಲಿಸಿದರು. "ಏ, ಹಾಡ ಹಚ್ಚತಿಯೋ, ಹಿಟ್ಟಿನ ಗಿರಣಿ ಹಚ್ಚತಿಯೋ?" ಅಂತ ಒಬ್ಬ ಕೂಗಿದ.

ಮರುದಿನ ಕಾಕಾ ಕಟ್ಟೆಯ ಮೇಲಿಂದಲೇ ಕರೆದರು. "ಬಾ ಇಲ್ಲೆ. ನೀ ಕಿವೀಲೆ ಕೂಡಸ್ತಿ. ಕುಣಿಯೋರ ಕಾಲ ನೋಡಿ ಕೂಡಸಬೇಕಪಾ."

ಒಳಗೆ ಹೋಗಿ ಬಾಗಿಲು ಹಾಕಿದರು. ಹಿಟ್ಟು ನಾದುವ ಪರಾತವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕೂತರು. "ನನ್ನ ಪರಾತ ತಗ್ಗ ಬಿದ್ರ ನಾಳೆ ರೊಟ್ಟಿ ನಿಮ್ಮ ಬೆನ್ನ ಮ್ಯಾಲೆ ಬಡೀತೀನ್ರಿ" ಎಂದು ಅವರ ಹೆಂಡತಿ ಕಾಕೂ ಒಲೆಯ ಮುಂದಿನಿಂದ ಬೈದರು. ಕಾಕಾ ನಕ್ಕು ಬಾರಿಸತೊಡಗಿದರು. ಏಳು ಪೆಟ್ಟು ನೇರ. ಎಂಟನೆಯದನ್ನು ಮಾತ್ರ ಒಂದು ಎಳೆಯಷ್ಟು ತಡೆದು ಬಿಡುತ್ತಿದ್ದರು. ಆ ತಡೆಗೆ ಮೈ ತಾನಾಗಿ ಮುಂದಕ್ಕೆ ವಾಲುತ್ತಿತ್ತು. ಅದು ಅವರಪ್ಪನ ಪೆಟ್ಟು, ಮತ್ಯಾರಿಗೂ ಬರುತ್ತಿರಲಿಲ್ಲ.

"ಮಂದಿ ಕಾಲ ಮ್ಯಾಲ ಇದ್ದಾಗ ಹೊಸಾ ಹಾಡ ಬರ್ಲಿ. ಕಾಲ ನೆಲಕ್ಕ ಬಿದ್ದಾಗ ಹಳೇದ ಹೋಗ್ಲಿ. ಗಾಳ್ಯಾಗ ಇದ್ದಾಂವಗ ಏನೂ ತಿಳ್ಯಾಂಗಿಲ್ಲ."

ಇವತ್ತಿಗೂ ನನಗೆ ಗೊತ್ತಿರುವ ಮಿಕ್ಸಿಂಗ್ ಅಷ್ಟೇ. ಉಳಿದದ್ದು ಗುಂಡಿ ಒತ್ತುವ ಕೆಲಸ.

ಮನೆಯಲ್ಲಿ ರೂಢಿ ಮಾಡಿಕೊಳ್ಳಲು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲೇ ಎಂದು ಒಮ್ಮೆ ಕೇಳಿದೆ. ಕಾಕಾ ಪರಾತವನ್ನು ತೊಡೆಯಿಂದ ಕೆಳಗಿಟ್ಟರು. "ಕಲಿಯಾಕ ಅಷ್ಟ ಇಟ್ಕೊ. ಈ ಓಣಿ ದಾಟಬಾರ್ದ ನೋಡ ತಮ್ಮಾ."

"ದಾಟಂಗಿಲ್ರಿ ಕಾಕಾ" ಅಂದೆ. ಎಷ್ಟು ಸಲೀಸಾಗಿ ಅಂದೆ…

ನಾಲ್ಕು ತಿಂಗಳು ಕೂಡ ಆಗಿರಲಿಲ್ಲ. ಮುಗಳಖೋಡದ ಸೌಂಡ್ ಮಾಲಕನೊಬ್ಬನಿಗೆ ಹೊಸ ರಿಮಿಕ್ಸ್ ಬೇಕಿತ್ತು. ನಾನು ಕಾಕಾನ ಪೆಟ್ಟನ್ನು ಕತ್ತರಿಸಿ, ಮತ್ತೆ ಮತ್ತೆ ಸುತ್ತುವ ಹಾಗೆ ಜೋಡಿಸಿ, ಕೆಳಗೆ ಬೇಸ್ ತುಂಬಿ ಕೇಳಿಸಿದೆ. ಪರಾತದ ಸಪ್ಪಳ ಅಂತ ಯಾರಿಗೂ ಅನ್ನಿಸದು, ಹತ್ತು ಹಲಗಿ ಒಟ್ಟಿಗೆ ಗುಡುಗಿದ ಹಾಗಿತ್ತು. ಮಾಲಕ ಕುರ್ಚಿಯಿಂದ ಎದ್ದೇಬಿಟ್ಟ. "ಯಾರದಲೇ ಇದು?" ಅಂದ. ನಾನು "ನಂದ ರಿ" ಅಂದೆ. ಅವನು ಅದರ ಮೇಲೆ ತನ್ನ ಹೆಸರನ್ನು ಕೂಗಿಸಿ ಸೇರಿಸಿದ. ನಮ್ಮ ಕಡೆ ಎಲ್ಲ ರಿಮಿಕ್ಸಿಗೂ ಹೀಗೆ ನಡುನಡುವೆ ಹೆಸರು ಕೂಗಿಸುತ್ತಾರೆ, ಕದಿಯಬಾರದು ಅಂತ. ಕದ್ದ ಮಾಲಿನ ಮೇಲೆ ಕದಿಯಬೇಡಿ ಅಂತ ಮುದ್ರೆ! ನಾನು ಹೂಂ ಅಂದೆ. ಅವನ ಸೌಂಡ್ ಗಾಡಿಯ ಮೇಲೆ ಮಿಕ್ಸರಿನ ಮುಂದೆ ನಿಲ್ಲುವ ಜಾಗ ನನಗೆ ಸಿಕ್ಕಿತ್ತಲ್ಲ.

ಅದೇ ಬೇಸಿಗೆ ದೊಡ್ಡಮನೆಯಲ್ಲಿ ಮದುವೆ ಬಂತು. ಹಾಡುಹಗಲು. ಗಾಡಿ ಅದೇ ಬಾಗಿಲ ಮುಂದೆ, ಅದೇ ಮೆಟ್ಟಿಲ ಕೆಳಗೆ ನಿಂತಿತು. ಮಂದಿ ಕೇಳಿದ್ದು ಅದನ್ನೇ, ನಾನು ಹಚ್ಚಿದ್ದೂ ಅದನ್ನೇ. ಮದುಮಗನ ಅಣ್ಣ ಮೈಮೇಲೆ ಗುಲಾಲು ಸುರಿದುಕೊಂಡು ಕುಣಿಯುತ್ತಿದ್ದವನು ನನ್ನ ಕಡೆ ಕೈ ಮಾಡಿ ಕೂಗಿದ.

"ಹೊಡಿ ಮಗನ ಹೊಡಿ! ನಿಮ್ಮ ಮುತ್ಯಾಗೋಳೂ ಇದ ಬಾಗಲದಾಗ ಹೊಡೀತಿದ್ರು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಸೌಂಡ್ ಇನ್ನಷ್ಟು ಏರಿಸಿದೆ.

ತಲೆಯೆತ್ತಿದರೆ ಗುಂಪಿನ ಆಚೆ ಕಾಕಾ. ಬಸ್ಸಿಳಿದು ಮನೆಗೆ ಹೊರಟಿದ್ದರು, ಕೈಯಲ್ಲಿ ಕಾಯಿಪಲ್ಯೆಯ ಚೀಲ. ಎಂಟನೆಯ ಪೆಟ್ಟು ತಡೆದು ಬಿದ್ದಾಗ ಅವರ ತಲೆ ಗಕ್ಕನೆ ಇತ್ತ ತಿರುಗಿತು. ಅದರ ಬೆನ್ನಿಗೇ ಮಾಲಕನ ಹೆಸರು ಕೂಗಿತು. ಅವರು ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ ಹೋಗಿ ಹೊಸ್ತಿಲಲ್ಲಿ ನಿಂತೆ. ಬೈಯಲಿ, ನಾಲ್ಕು ಬಾರಿಸಲಿ ಅಂತಲೇ ಹೋಗಿದ್ದೆ. ಕಾಕಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು.

"ನಮ್ಮಪ್ಪ ಹೊಟ್ಟೀಗಿ ಇಲ್ಲದ್ದಕ್ಕ ಹೊಡದಾ" ಅಂದರು. "ನೀ ಯಾಕ ಹೊಡದೀ?"

ಅಷ್ಟೇ. ಆಮೇಲೂ ಎದುರು ಸಿಕ್ಕರೆ ಮಾತಾಡಿಸುತ್ತಿದ್ದರು, ಊಟ ಆಯ್ತೇನು, ಗಾಡಿ ಎಲ್ಲಿ ಹೊಂಟೈತಿ ಅಂತ. ಪರಾತವನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ಅವರ ಮೇಲೂ ನನಗೆ ಸಿಟ್ಟಿದೆ. ಒಂದು ಏಟು ಹೊಡೆದಿದ್ದರೆ ಅವರಿಗೇನು ಹೋಗುತ್ತಿತ್ತು? ನಾನಾದರೂ ಇಷ್ಟು ವರ್ಷ ಹೀಗೆ ಒಳಗೊಳಗೇ ಬೇಯುತ್ತಿರಲಿಲ್ಲ.

ಆ ಮಾಲಕನ ಕಾಲು ಹಿಡಿದು, ಆ ರಿಮಿಕ್ಸ್ ತೆಗೆದುಬಿಡಿ ಅಂತ ಕೇಳಿಕೊಂಡೆ. "ಖುಳಾ ಅದಿಯೇನಲೇ, ತಲಿ ಕೆಟ್ಟೈತೇನ? ಅದು ಆಗಲೇ ನಿಪ್ಪಾಣಿ, ಅಥಣಿ, ಕಾಗವಾಡ ದಾಟಿ ಹೋಗೈತಿ. ಯಾರ್ಯಾರ ಪೆನ್ ಡ್ರೈವ್ ಕಸ್ಗೊಳ್ಳಲಿ?" ಎಂದು ನಕ್ಕ. ಅವತ್ತೇ ಅವನ ಗಾಡಿ ಬಿಟ್ಟೆ. ಮನೆಗೆ ಬಂದು, ದೊಡ್ಡ ಪ್ರಾಯಶ್ಚಿತ್ತ ಮಾಡುವವನ ಹಾಗೆ, ಮೊಬೈಲಿನಲ್ಲಿದ್ದ ಮೂಲ ರೆಕಾರ್ಡುಗಳನ್ನೆಲ್ಲ ಅಳಿಸಿದೆ. ಕಾಕಾ ಎಣಿಸಿದ್ದು, ನಕ್ಕದ್ದು, ಕಾಕೂ ಬೈದದ್ದು… ಎಲ್ಲ ಹೋಯಿತು. ಸಿಟ್ಟಿನಲ್ಲಿ ಮಾಡಿದ ಆ ಮೂರ್ಖತನಕ್ಕೆ ಈಗ ಇನ್ನಷ್ಟು ಸಿಟ್ಟು.

ಕಾಕಾ ಹೋಗಿ ಎರಡು ವರ್ಷವಾಯಿತು. ಹೋದ ವಾರ ರಾಯಬಾಗಕ್ಕೆ ಮದುವೆಯಾಗಿ ಹೋದ ಅವರ ಮಗಳು ಫೋನ್ ಮಾಡಿದ್ದಳು. "ಅಣ್ಣಾ, ನೀ ಕಲಿಯಾಕ ಬರ್ತಿದ್ದೆಲ್ಲಾ… ಅಪ್ಪಾ ಬಾರ್ಸಿದ್ದು ನಿನ್ನ ಕಡೆ ಏನರ ಐತೇನ? ಒಂದಸಲ ಕೇಳ್ಬೇಕನಸೇತಿ."

ಐತಿ, ಯಾವ ಮದುವೆಗೆ ಹೋದರೂ ಕೇಳತೈತಿ, ಆದರೆ ನಿಮ್ಮಪ್ಪನ ಕೈ ಕೇಳಬೇಕಂದರೆ ಅದರ ಮೇಲೆ ಕೂಗುವ ಇನ್ನೊಬ್ಬನ ಹೆಸರನ್ನೂ ಕೇಳಬೇಕವ್ವಾ ಅಂತ ಹೇಗೆ ಹೇಳಲಿ?

"ಇಲ್ಲವ್ವಾ, ಏನೂ ಇಲ್ಲ" ಅಂದೆ. ಆ ಕಡೆ ಅವಳು ಫೋನ್ ಇಡದೆ ಕಾಯುತ್ತಿದ್ದಳು.