ಹೆಸರು ಹೇಳಿದ ಹುಡುಗಿ

ಜರ್ಮನಿಯ ಕಾರ್ಲ್ಸ್‌ರುಹೆಯ ಒಂದು ಆಲ್ಟನ್‌ಹೈಮ್‌ನಲ್ಲಿ, ಅಂದರೆ ವೃದ್ಧರ ಮನೆಯಲ್ಲಿ, ಎರಡನೇ ಮಹಡಿಯ ಫ್ರಾವ್ ಕ್ಯೋಲರ್ ಎಂದರೆ ನರ್ಸುಗಳು ಸ್ವಲ್ಪ ಹಿಂಜರಿಯುತ್ತಿದ್ದರು. ತೊಂಬತ್ತೊಂದು ವರ್ಷದ ಆಕೆ ಬೈಯುವವರಲ್ಲ, ಕೈ ಎತ್ತುವವರೂ ಅಲ್ಲ. ಆದರೆ ಎದುರಿಗೆ ಯಾರಾದರೂ ಪೆನ್ನು ತೆಗೆದರೆ ಸಾಕು, ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಕಿವಿಗೆ ಥರ್ಮಾಮೀಟರ್ ಮುಟ್ಟಿಸಲು ಬಿಡುತ್ತಿರಲಿಲ್ಲ. ಮನೆಮಂದಿಯ ಬಗ್ಗೆ ಕೇಳಿದರೆ, "ಅದು ನಿಮಗೇಕೆ?" ಎಂದಷ್ಟೇ ಉತ್ತರ.

ಅಶ್ಲಿನ್‌ಗೆ ಮಾತ್ರ ಅವರು ನಿಧಾನವಾಗಿ ಒಗ್ಗಿಕೊಂಡಿದ್ದರು. ಅಶ್ಲಿನ್ ಉಡುಪಿಯ ಹತ್ತಿರದ ಶಿರ್ವದವಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಎರಡು ವರ್ಷ ಜರ್ಮನ್ ಕಲಿತು ಇಲ್ಲಿಗೆ ಬಂದಿದ್ದಳು. ಬಂದ ಮೊದಲ ತಿಂಗಳಲ್ಲೇ ಒಂದು ವಿಷಯ ಗಮನಿಸಿ, ಬರೆಯುವ ಫೈಲನ್ನು ಹೊರಗಿನ ಕಿಟಕಿಯ ಕಟ್ಟೆಯ ಮೇಲಿಟ್ಟು ಬರಿಗೈಯಲ್ಲಿ ಒಳಗೆ ಹೋಗತೊಡಗಿದಳು. ಒಂದು ಬೆಳಿಗ್ಗೆ ಫ್ರಾವ್ ಕ್ಯೋಲರ್ ತಾವಾಗಿಯೇ ಬಾಚಣಿಗೆಯನ್ನು ಅವಳ ಕೈಗೆ ಕೊಟ್ಟರು. ಅಂದಿನಿಂದ ಅವರ ತಲೆ ಬಾಚುವ ಕೆಲಸ ಅಶ್ಲಿನ್‌ದೇ ಆಯಿತು.

ಅವರು ಸಿಂತಿ ಸಮುದಾಯದವರು ಎಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಆರುನೂರು ವರ್ಷಗಳಿಂದ ಜರ್ಮನಿಯಲ್ಲಿ ಬಾಳಿ ಬಂದ ಜನ. ನಾಜಿಗಳು ಯಹೂದಿಗಳ ಜೊತೆಗೆ ಇವರನ್ನೂ ಸಂಸಾರ ಸಂಸಾರವಾಗಿ ಕೊಂದಿದ್ದರು. ಮಗಳು ಗಿಟ್ಟಾ ಪ್ರತಿ ಭಾನುವಾರ ಬಂದು ತಾಯಿಯ ಪಕ್ಕ ಕೂತು, ಬಾಗಿಲು ಮುಚ್ಚಿಕೊಂಡು ತಮ್ಮ ಭಾಷೆಯಲ್ಲಿ ಮೆಲ್ಲಗೆ ಮಾತಾಡುತ್ತಿದ್ದರು. ಒಂದು ಭಾನುವಾರ ಅಶ್ಲಿನ್ ಚಹಾದ ತಟ್ಟೆ ಹಿಡಿದು ಒಳಗೆ ಹೋದಾಗ ಎರಡು ಮಾತು ಕಿವಿಗೆ ಬಿದ್ದವು. ಅವಳು ನಿಂತಲ್ಲೇ ನಿಂತಳು. ಮೂಗಿಗೂ ಕಿವಿಗೂ ಅವರು ಆಡಿದ್ದು ಅವಳ ಮನೆಮಾತು ಕೊಂಕಣಿಯ ಪದಗಳನ್ನೇ.

ಸಂಜೆ ಮನೆಗೆ ಬಂದವಳೇ ಜೊತೆಗಿರುವ ರಚನಾಗೆ ಹೇಳಿದಳು. ರಚನಾ ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ.

"ನಂಗೆ ಮೈ ಜುಂ ಅಂತು ಮಾರಾಯ್ತಿ. ನಮ್ಮ ಅಮ್ಮ ಮಾತಾಡಿದ ಹಾಗೇ ಉಂಟು."

ರಚನಾ ಫೋನಿನಲ್ಲಿ ಹುಡುಕಿದಳು. "ಹೌದು ಕಣೇ, ಅವ್ರ ಲ್ಯಾಂಗ್ವೇಜ್ ಮೂಲ ನಮ್ ಇಂಡಿಯಾನೇ ಅಂತೆ. ಸಾವಿರ ವರ್ಷದ ಹಿಂದೆ ಹೊರಟವರು. ನೀನು ಹೇಳ್ಬಿಡು ನಾಳೆ, ಎಷ್ಟ್ ಖುಷಿ ಪಡ್ತಾರೆ ನೋಡು."

ಮರುದಿನ ಬೆಳಿಗ್ಗೆ ಬಿಸಿನೀರಿನ ಬಟ್ಟೆಯಿಂದ ಮುಖ ಒರೆಸುತ್ತಾ ಅಶ್ಲಿನ್ ನಗುತ್ತಲೇ ಅವರ ಮೂಗಿನ ತುದಿ ಮುಟ್ಟಿ "ನಾಕ್" ಎಂದಳು. ಕಿವಿ ಮುಟ್ಟಿ "ಕಾನ್" ಎಂದಳು.

ಫ್ರಾವ್ ಕ್ಯೋಲರ್ ಅವರ ಮುಖದಲ್ಲಿ ಖುಷಿ ಮೂಡಲಿಲ್ಲ. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಹೊದಿಕೆಯೊಳಗೆ ಸೇರಿಬಿಟ್ಟರು. ಅಶ್ಲಿನ್ ಎಷ್ಟು ಕ್ಷಮೆ ಕೇಳಿದರೂ ಅವರು ಅಲುಗಲಿಲ್ಲ. ಅಂದು ಊಟ ಮಾಡಲಿಲ್ಲ, ಮಾರನೆಯ ದಿನವೂ ಮಾಡಲಿಲ್ಲ. ಮೂರನೆಯ ದಿನ ಬೇರೆ ನರ್ಸ್ ಮಗಳಿಗೆ ಫೋನ್ ಮಾಡಿಕೊಟ್ಟಾಗ ಅವರು ಹೇಳಿದ್ದು ಒಂದೇ ಮಾತು: "ಅವಳು ಬಂದಿದ್ದಾಳೆ. ನನ್ನನ್ನು ಇಲ್ಲಿಂದ ಕರೆದುಕೊಂಡು ಹೋಗು."

ಗಿಟ್ಟಾ ಮಧ್ಯಾಹ್ನವೇ ಬಂದರು. ತಾಯಿಯ ಜೊತೆ ಒಂದು ಗಂಟೆ ಇದ್ದು, ಅಡುಗೆಕೋಣೆಗೆ ಬಂದು ಅಶ್ಲಿನ್ ಎದುರಿಗೆ ಕೂತರು. ಅಶ್ಲಿನ್ ಎಲ್ಲವನ್ನೂ ಇದ್ದಂತೆ ಒಪ್ಪಿಕೊಂಡಳು. ಕೆಲಸ ಹೋದರೂ ಹೋಗಲಿ, ಸುಳ್ಳು ಬೇಡ ಎಂದುಕೊಂಡಿದ್ದಳು.

ಗಿಟ್ಟಾ ಹೇಳತೊಡಗಿದರು.

"ಅಮ್ಮನಿಗೆ ಆಗ ಐದು ವರ್ಷ. ಊರಾಚೆ ನಮ್ಮವರ ನಾಲ್ಕಾರು ಮನೆಗಳಿದ್ದವು. ಅಲ್ಲಿಗೆ ಒಬ್ಬ ಹೆಂಗಸು ಬಂದಳಂತೆ. ಜರ್ಮನ್ನವಳೇ, ಆದರೆ ನಮ್ಮ ಭಾಷೆ ಮಾತಾಡಿದಳು. ಹೊರಗಿನವರ ಬಾಯಲ್ಲಿ ನಮ್ಮ ಮಾತು ಯಾರೂ ಕೇಳಿರಲಿಲ್ಲ. ನಾಜಿಗಳ ಕಡೆಯವಳೆಂದು ತಿಳಿಯದೆ ಎಲ್ಲರೂ ನಂಬಿಬಿಟ್ಟರು. ಮಕ್ಕಳಿಗೆ ಮಿಠಾಯಿ ಕೊಟ್ಟಳು. ಮೂಗು ಅಳೆದಳು, ಕಿವಿ ಅಳೆದಳು, ಕಣ್ಣಿನ ಬಣ್ಣ ಬರೆದುಕೊಂಡಳು. ನಮ್ಮ ಭಾಷೆಯಲ್ಲೇ ಅದನ್ನೆಲ್ಲ ಆಟದ ಹಾಗೆ ಹೇಳಿಸಿದಳು. ಆಮೇಲೆ ಕೇಳಿದಳು, ನಿನ್ನ ಅತ್ತೆಯ ಹೆಸರೇನು, ಅವಳ ಮಕ್ಕಳೆಷ್ಟು, ಮಾವ ಎಲ್ಲಿರುತ್ತಾನೆ ಎಂದು. ದೊಡ್ಡವರು ತಡವರಿಸಿದರು. ಅಮ್ಮ ಚುರುಕು ಹುಡುಗಿ. ಒಂದೂ ತಪ್ಪದ ಹಾಗೆ ಎಲ್ಲರ ಹೆಸರನ್ನೂ ಹೇಳಿದಳು. ಆ ಹೆಂಗಸು ತೊಡೆಯ ಮೇಲೆ ಕೂರಿಸಿಕೊಂಡು, ನೀನು ಜಾಣೆ ಅಂದಳಂತೆ."

"ಆಮೇಲೆ?"

"ಎರಡು ವರ್ಷದ ಮೇಲೆ, ಮೇ ತಿಂಗಳಲ್ಲಿ, ಬೆಳಿಗ್ಗೆ ಪೊಲೀಸರು ಪಟ್ಟಿ ಹಿಡಿದು ಬಂದರು. ಒಂದೊಂದೇ ಹೆಸರು ಕೂಗಿದರು. ಅಮ್ಮ ಹೇಳಿದ ಹೆಸರುಗಳೇ. ಪೋಲೆಂಡಿಗೆ ಸಾಗಿಸಿದರು. ಕೊನೆಗೆ ತಿರುಗಿ ಬಂದದ್ದು ಅಮ್ಮ ಮತ್ತು ಅಜ್ಜಿ ಇಬ್ಬರೇ."

ಕೆಟಲ್‌ನಲ್ಲಿ ನೀರು ಕುದಿದು ತಾನೇ ಆರಿತು. ಇಬ್ಬರೂ ಏಳಲಿಲ್ಲ.

ಗಿಟ್ಟಾ ತಮ್ಮ ಕಥೆಯನ್ನೂ ಹೇಳಿದರು. ಶಾಲೆಗೆ ಡಾಕ್ಟರು ಬಂದು ಮಕ್ಕಳ ಎತ್ತರ, ತೂಕ ನೋಡುವ ದಿನ ತಾಯಿ ಅವರನ್ನು ಮನೆಯಲ್ಲೇ ಉಳಿಸುತ್ತಿದ್ದರು. ಗೆಳತಿಯರಿಗೆ ಮನೆಯ ವಿಳಾಸ ಕೊಡುವಂತಿರಲಿಲ್ಲ. ಟೀಚರು ಹಲಗೆಯ ಮೇಲೆ ವಂಶವೃಕ್ಷ ಬಿಡಿಸಿ, ನಿಮ್ಮ ಮನೆಯದು ಬರೆದು ತನ್ನಿ ಎಂದ ದಿನ ತಾಯಿ ಆ ನೋಟುಪುಸ್ತಕವನ್ನು ಒಲೆಗೆ ಹಾಕಿದರು. ಗಿಟ್ಟಾ ಎಂಟನೇ ತರಗತಿಗೆ ಶಾಲೆ ಬಿಟ್ಟರು.

"ನನಗೆ ಈಗ ಅರವತ್ತಾರು. ನನ್ನ ಅಮ್ಮನ ಅಕ್ಕತಂಗಿಯರ ಹೆಸರು ನನಗೆ ಗೊತ್ತಿಲ್ಲ. ಮಾವಂದಿರು ಎಷ್ಟು ಜನ ಇದ್ದರೋ ಅದೂ ಗೊತ್ತಿಲ್ಲ. ಕೇಳಿದರೆ ನಡುಗುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟೆ. ನನ್ನ ಮಕ್ಕಳೂ ನನ್ನನ್ನು ಏನೂ ಕೇಳದೇ ಬೆಳೆದರು."

ಅಶ್ಲಿನ್‌ಗೆ ತಲೆ ಎತ್ತಲಾಗಲಿಲ್ಲ. "ನಾನು ಬೇರೆ ಮಹಡಿಗೆ ಹೋಗುತ್ತೇನೆ. ಅವರಿಗೆ ನನ್ನ ಮುಖ ಕಾಣಿಸುವುದೇ ಬೇಡ."

"ಹೋಗಬೇಡ," ಎಂದರು ಗಿಟ್ಟಾ. "ಆ ಹೆಂಗಸು ಬೇಕಾದ್ದನ್ನು ತೆಗೆದುಕೊಂಡು ಹೋದವಳು ಮತ್ತೆ ಆ ಕಡೆ ಬರಲಿಲ್ಲ. ನೀನೂ ಹೋದರೆ ಅಮ್ಮ ಅಂದುಕೊಂಡದ್ದೇ ಸರಿ ಅಂತಾಗುತ್ತದೆ."

ಅಶ್ಲಿನ್ ಉಳಿದಳು. ಮೂರು ವಾರ ಮಾತಿಲ್ಲದೆ ಕೆಲಸ ಮಾಡಿದಳು. ಊಟ ತಂದಿಡುತ್ತಿದ್ದಳು, ಎರಡು ತುತ್ತಷ್ಟೇ ಕಡಿಮೆಯಾದ ತಟ್ಟೆಯನ್ನು ಒಯ್ಯುತ್ತಿದ್ದಳು. ಎರಡನೇ ವಾರಕ್ಕೆ ಸೂಪು ಖಾಲಿಯಾಗತೊಡಗಿತು. ಬಾಚಣಿಗೆ ಮಾತ್ರ ಅವರ ದಿಂಬಿನಡಿಯಲ್ಲೇ ಇತ್ತು.

ನಾಲ್ಕನೆಯ ವಾರ ಒಂದು ಬೆಳಿಗ್ಗೆ, ಕಿಟಕಿಯ ಪರದೆ ಸರಿಸಿ, ಹಾಸಿಗೆಯಿಂದ ದೂರವೇ ಕುರ್ಚಿ ಹಾಕಿಕೊಂಡು ಕೂತಳು.

"ನಿಮ್ಮನ್ನು ನಾನು ಏನೂ ಕೇಳುವುದಿಲ್ಲ. ನಾನು ಯಾರು ಎಂದು ನಿಮಗೆ ತಿಳಿದಿರಲಿ," ಎಂದಳು. "ನನ್ನ ಅಪ್ಪನ ಹೆಸರು ಗ್ರೆಗರಿ. ಗದ್ದೆಗೆ ನೀರು ಬಿಡುವ ಪಂಪು ರಿಪೇರಿ ಮಾಡುತ್ತಾರೆ. ಸ್ವಲ್ಪ ಕುಡಿಯುತ್ತಾರೆ." ಅಷ್ಟು ಹೇಳಿ ಎದ್ದು ಹೋದಳು. ಮರುದಿನ ಅಮ್ಮನ ಸರದಿ. ಅದರ ಮರುದಿನ ಹುಟ್ಟಿದ ಎಂಟನೇ ದಿನಕ್ಕೆ ತೀರಿಕೊಂಡ ತಮ್ಮ. ಹೀಗೆ ದಿನಕ್ಕೊಬ್ಬರು. ಮಲ್ಲಿಗೆ ಬೆಳೆಯುತ್ತಿದ್ದ ಅಜ್ಜಿ ಮೊಗ್ಗು ಬಿಡಿಸಲು ಬೆಳಕು ಹರಿಯುವ ಮೊದಲೇ ತನ್ನನ್ನು ಎಬ್ಬಿಸುತ್ತಿದ್ದದ್ದನ್ನು ಹೇಳಿದ ದಿನ ಹೊದಿಕೆಯೊಳಗಿಂದ ದನಿ ಬಂತು.

"ಆ ಅಜ್ಜಿಗೆ ಮಕ್ಕಳೆಷ್ಟು?"

"ಒಂಬತ್ತು ಹೆತ್ತರು. ಆರು ಬದುಕಿದರು."

"ಹೆಸರು?"

ಅಶ್ಲಿನ್ ಒಂಬತ್ತನ್ನೂ ಹೇಳಿದಳು. ಫ್ರಾವ್ ಕ್ಯೋಲರ್ ಮುಖ ಹೊರಗೆ ಹಾಕಿ ಅವಳನ್ನೇ ನೋಡಿದರು. "ಹೀಗೆಲ್ಲ ಸಿಕ್ಕಿದವರಿಗೆ ಹೇಳಬೇಡ, ಹುಡುಗಿ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕವರಿಗೆ ದೊಡ್ಡವರು ಬುದ್ಧಿ ಹೇಳುವ ಹಾಗಿತ್ತು.

ಮಾರ್ಚ್ ತಿಂಗಳ ಒಂದು ಭಾನುವಾರ ಗಿಟ್ಟಾ ಬಂದಾಗ ತಾಯಿ ಹಾಸಿಗೆಯ ಮೇಲೆ ನೆಟ್ಟಗೆ ಕೂತಿದ್ದರು. ಅಶ್ಲಿನ್‌ಗೆ, "ನೀನು ಹೊರಗೆ ಹೋಗು, ಬಾಗಿಲು ಎಳೆದುಕೋ," ಎಂದರು. ಅಶ್ಲಿನ್ ಹಾಗೇ ಮಾಡಿದಳು. ಮಧ್ಯಾಹ್ನದ ಔಷಧಿಗಳನ್ನು ಹಂಚಿದಳು, ಇಬ್ಬರಿಗೆ ಸ್ನಾನ ಮಾಡಿಸಿದಳು. ಎರಡು ಗಂಟೆ ಕಳೆದು ಗಿಟ್ಟಾ ಹೊರಬಂದರು. ಅಶ್ಲಿನ್ ಕುರ್ಚಿ ತಂದಳು, ಅವರು ಕೂರಲಿಲ್ಲ.

"ಹತ್ತೊಂಬತ್ತು ಜನ," ಎಂದರು. "ಎಲ್ಲರ ಹೆಸರನ್ನೂ ಹೇಳಿದಳು. ಬರೆದುಕೊಳ್ಳಲು ಬಿಡಲಿಲ್ಲ. ಬಾಯಿಪಾಠ ಆಗುವವರೆಗೆ ಮತ್ತೆ ಮತ್ತೆ ಹೇಳಿಸಿದಳು."

ಅಶ್ಲಿನ್ ಯಾವ ಹೆಸರನ್ನೂ ಕೇಳಲಿಲ್ಲ.

"ಅವರ ಮನಸ್ಸು ಹಗುರಾಯಿತೇ?" ಎಂದು ಮಾತ್ರ ಕೇಳಿದಳು.

ಗಿಟ್ಟಾ ಇಲ್ಲವೆಂದು ತಲೆ ಅಲ್ಲಾಡಿಸಿದರು. "ಅಮ್ಮನಿಗೆ ನಾನು, ಊರಿನ ಆಫೀಸುಗಳಲ್ಲೇ ಎಲ್ಲ ದಾಖಲೆ ಇತ್ತು, ನೀನು ಹೇಳದಿದ್ದರೂ ಪೊಲೀಸರು ಬರುತ್ತಿದ್ದರು ಅಂದೆ. ನಿನಗೆ ಆಗ ಐದೇ ವರ್ಷ ಅಂದೆ. ಅದಕ್ಕೆ ಅಮ್ಮ, ಐದು ವರ್ಷದ ಮಗುವಿಗೂ ಬಾಯಿ ಮುಚ್ಚಿಕೊಳ್ಳಲು ಬರುತ್ತದೆ ಅಂದಳು."

ಅವರು ಕೋಟಿನ ಗುಂಡಿ ಹಾಕಿಕೊಂಡರು. ಮಗನ ಮನೆಗೆ ಹೋಗಬೇಕು, ಮೊಮ್ಮಕ್ಕಳು ಇಂದು ಅಲ್ಲೇ ಇದ್ದಾರೆ, ಮರೆಯುವ ಮೊದಲು ಅವರ ಕಿವಿಗೆ ಹಾಕಬೇಕು ಎಂದು ಅವಸರ ಮಾಡಿದರು. ಅಶ್ಲಿನ್ ಕಿಟಕಿಯಿಂದ ನೋಡಿದಳು. ಗಿಟ್ಟಾ ಟ್ರಾಮ್ ನಿಲ್ದಾಣದಲ್ಲಿ ಒಬ್ಬರೇ ನಿಂತಿದ್ದರು. ತುಟಿ ಅಲುಗುತ್ತಿತ್ತು, ಒಂದು ಕೈಯ ಬೆರಳುಗಳನ್ನು ಇನ್ನೊಂದು ಕೈಯಿಂದ ಒಂದೊಂದಾಗಿ ಮಡಿಸುತ್ತಿದ್ದರು.