ಅರಿಶಿನ ಹಚ್ಚದ ಕಾಗದ

ಕಳೆದ ಮಂಗಳವಾರ ಬೆಳಿಗ್ಗೆ ದೋಸೆಗೆ ರುಬ್ಬುತ್ತಿದ್ದೆ. ಮಣಿಕಟ್ಟಿನವರೆಗೆ ಉದ್ದಿನ ಹಿಟ್ಟು. ಅಂಚೆಯವನು ಭದ್ರಾವತಿಯ ಲಕೋಟೆಯೊಂದನ್ನು ಜಗಲಿಯ ಮೇಲಿಟ್ಟು ಹೋದ. ಅತ್ತೆ ಅದನ್ನು ಎತ್ತಿಕೊಂಡು ತಿರುಗಿಸಿ ನೋಡಿದರು. ನಾಲ್ಕು ಮೂಲೆಯಲ್ಲೂ ಅರಿಶಿನವಿಲ್ಲ.

ಮದುವೆ ಗೊತ್ತಾದ ಮನೆಗೆ ಅರಿಶಿನ ಹಚ್ಚದ ಕಾಗದ ಬರೆಯುವವರುಂಟೆ? ಅತ್ತೆ ಅಲ್ಲೇ ಕೂತುಬಿಟ್ಟರು.

ನನ್ನ ನಾದಿನಿ ಗಿರಿಜೆಯನ್ನು ಭದ್ರಾವತಿಯ ಹುಡುಗನಿಗೆ ಗೊತ್ತು ಮಾಡಿರುವ ಸಂಗತಿ ನಿಮಗೆ ಹಿಂದೊಮ್ಮೆ ಬರೆದಿದ್ದೆ. ಹುಡುಗ ಬಿ.ಎಸ್‌ಸಿ. ಮಾಡಿದವನು. ಕಾರ್ಖಾನೆಯ ಲ್ಯಾಬೊರೇಟರಿಯಲ್ಲಿ ಕೆಲಸ. (ಅಲ್ಲಿ ಎಲ್ಲ ಪುಡಿಗಳೂ ಇರುತ್ತವಂತೆ, ಅರಿಶಿನವೊಂದು ಬಿಟ್ಟು.)

ನಮ್ಮ ಯಜಮಾನರು ಲಕೋಟೆ ಒಡೆದರು. ಒಳಗೆ ಒಂದೇ ಚೀಟಿ. ಮೇಲೆ ಗಿರಿಜೆಯ ಹೆಸರು, ಕೆಳಗೆ ಇಂಗ್ಲಿಷ್ ಪದ್ಯದ ಒಂದು ಸಾಲು. ಗಿರಿಜೆಯ ಹೆಸರಿದ್ದ ಮೇಲೆ ಗಿರಿಜೆಗೆ ಕೊಡಬೇಕಲ್ಲವೆ? ಅವರಿಗೆ ಹಾಗೆ ತೋಚಲಿಲ್ಲ. ತಾವೇ ಕನ್ನಡ ಮಾಡಿ ಗಟ್ಟಿಯಾಗಿ ಓದಿದರು: ‘ನಾನು ದೀಪ ಆರಿಸಿದೆ, ಇನ್ನು ಕಾಯುವುದಿಲ್ಲ.’

ನಮ್ಮ ಮನೆಯಲ್ಲಿ ದೀಪ ಆರಿಸು ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ‘ದೊಡ್ಡದು ಮಾಡು’ ಎನ್ನುತ್ತೇವೆ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡರು.

“ಈ ಸಂಬಂಧ ಬೇಡ ಕಣೋ. ನಿಶ್ಚಯಕ್ಕೆ ಅವರು ತಂದ ಸೀರೆ ಅವರಿಗೇ ಕಳಿಸಿಬಿಡು” ಎಂದರು.

ಯಜಮಾನರಿಗೆ ಕಂಡದ್ದು ಬೇರೆ. ಅವರಿಗೆ ರಜ ಸಿಗದೆ ಮದುವೆಯನ್ನು ಮಾಘದಿಂದ ವೈಶಾಖಕ್ಕೆ ತಳ್ಳಿದ್ದೆವು. ಹುಡುಗನಿಗೆ ಅದು ಸಿಟ್ಟು, ಕಾಯುವುದಿಲ್ಲ ಎಂದು ನೋಟೀಸು ಕೊಟ್ಟಿದ್ದಾನೆ ಎಂದರು. ಕಚೇರಿಯಲ್ಲಿ ದಿನವಿಡೀ ಅರ್ಜಿ ಓದುವವರು ಪದ್ಯವನ್ನು ಇನ್ನು ಹೇಗೆ ಓದಿಯಾರು?

ಪಕ್ಕದ ಮನೆಯ ರಿಟೈರಾದ ಇಂಗ್ಲಿಷ್ ಮಾಸ್ತರರನ್ನು ಕರೆಸಿದ್ದಾಯಿತು. ಇದು ನೂರು ವರ್ಷದ ಹಿಂದಿನ ರೊಮ್ಯಾಂಟಿಕ್ ಕವಿಯೊಬ್ಬನ ಸಾಲು, ದೀಪವೆಂದರೆ ದೇಹ, ಕಾಯುವುದೆಂದರೆ ಸಂಸಾರ, ಕವಿ ಎರಡನ್ನೂ ಬಿಟ್ಟಿದ್ದಾನೆ ಎಂದು ವಿವರಿಸಿದರು. ಮದುವೆಗೆ ಹೊರಟ ಹುಡುಗ ಅದನ್ನು ಯಾಕೆ ಬರೆದ ಎಂದು ಅತ್ತೆ ಕೇಳಿದರು. ಮಾಸ್ತರರು ಎರಡನೆಯ ಕಾಫಿ ಕೇಳಿದರು. ಶಿವನ ದಯೆ, ಮೂರನೆಯದು ಕೇಳಲಿಲ್ಲ.

ಅತ್ತೆಯನ್ನು ಆಡಿಕೊಳ್ಳಬೇಡಿ. ಅವರ ಪಾಲಿನ ದೀಪ ಇಪ್ಪತ್ತೆರಡನೆಯ ವಯಸ್ಸಿಗೇ ಹೋಯಿತು. ಆ ಮಾತಿಗೆ ಅವರಿಗೆ ಇನ್ನೊಂದು ಅರ್ಥ ಎಲ್ಲಿಂದ ಬರಬೇಕು?

ಮಧ್ಯಾಹ್ನದ ಟ್ರೈನಿಗೆ ಯಜಮಾನರು ಭದ್ರಾವತಿಗೆ ಹೊರಟರು. ಸೀರೆಯನ್ನೂ ಪೇಪರಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ಹುಡುಗ ಸರಿಯಾದ ಉತ್ತರ ಕೊಡದಿದ್ದರೆ ಅಲ್ಲೇ ಕೊಟ್ಟು ಬರುವುದು ಎಂದು ತೀರ್ಮಾನ.

ಗಿರಿಜೆ ಊಟ ಮಾಡಲಿಲ್ಲ. ಅಡುಗೆಮನೆಯ ಬಾಗಿಲ ಹಿಂದೆ ಕೂತು ಕೊತ್ತಂಬರಿ ಸೊಪ್ಪು ಬಿಡಿಸಿದ್ದೇ ಬಿಡಿಸಿದ್ದು. ಒಂದು ಸಲ ಮಾತ್ರ ತಲೆ ಎತ್ತಿದಳು.

“ಅತ್ತಿಗೆ, ನಿಮಗೇನು ಅನ್ಸುತ್ತೆ?”

“ನಂಗೆಲ್ಲಿ ಇಂಗ್ಲಿಷ್ ಬರುತ್ತೆ ಮಾರಾಯ್ತಿ?” ಎಂದೆ.

“ಅಣ್ಣ ಓದಿದ್ದು ಕನ್ನಡದಲ್ಲೇ ಅಲ್ವಾ.”

ಪೂಜೆ ಮುಗಿಸಿ, ಕತ್ತಲಾಗುತ್ತಲೇ ಲಾಟೀನು ಹಚ್ಚಿ ಬಾಗಿಲಲ್ಲಿಟ್ಟೆ. ಯಜಮಾನರು ಊರಿಗೆ ಹೋದ ದಿನ ಹಾಗೆ ಇಡುವುದು ರೂಢಿ. ಏಳು ಗಂಟೆಗೆ ಅವರ ಚಪ್ಪಲಿಯ ಸದ್ದು ಕೇಳಿತು. ಕಾಲಿಗೆ ನೀರು ಕೊಟ್ಟೆ. ಬತ್ತಿ ಇಳಿಸಿ, ಲಾಟೀನು ದೊಡ್ಡದು ಮಾಡಿ ಒಳಗೆ ತಂದೆ.

“ಯಾಕತ್ತಿಗೆ ದೊಡ್ಡದು ಮಾಡಿದ್ರಿ?” ಎಂದು ಗಿರಿಜೆ ಕೇಳಿದಳು.

“ನಿಮ್ಮಣ್ಣ ಬಂದ್ರಲ್ಲೇ. ಇನ್ಯಾರಿಗೆ ಕಾಯೋದು?”

ಅಂದ ಮೇಲೆ ಅದರಲ್ಲಿ ಆ ಸಾಲು ನನಗೇ ಕೇಳಿಸಿತು. ಅವಳಿಗೆ ನನಗಿಂತ ಮೊದಲೇ ಕೇಳಿಸಿತ್ತು. ಬೆಳಗಿನಿಂದ ಮೊದಲ ಸಲ ನಕ್ಕಳು.

ಆಮೇಲೆ ನೋಡಿದೆ, ಯಜಮಾನರ ಕಂಕುಳಲ್ಲಿ ಸೀರೆ ಇನ್ನೂ ಇತ್ತು. ಅದನ್ನು ಅತ್ತೆಯ ಮುಂದಿಟ್ಟು, ಹುಡುಗ ಹೇಳಿದ್ದನ್ನು ಹೇಳಿದಂತೆಯೇ ಒಪ್ಪಿಸಿದರು: “ಆ ಸಾಲು ನಂಗೂ ಪೂರ್ತಿ ಅರ್ಥ ಆಗಿಲ್ಲ ಭಾವ. ಅವರಿಗೇನು ಅನ್ಸುತ್ತೋ ಕೇಳೋಣ ಅಂತ ಬರೆದೆ. ಅವರೇನಂದ್ರು?”

ಯಜಮಾನರು ಜೇಬಿನಿಂದ ಚೀಟಿ ತೆಗೆದು ತಂಗಿಗೆ ಕೊಟ್ಟರು. ಬೆಳಿಗ್ಗೆ ಬಂದ ಕಾಗದ ಅವಳ ಕೈ ಸೇರಲು ಭದ್ರಾವತಿಗೆ ಹೋಗಿ ಬರಬೇಕಾಯಿತು.

ಅವಳು ಉತ್ತರ ಬರೆದಳು. ಏನು ಬರೆದಳೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅರಿಶಿನವನ್ನು ಅತ್ತೆಯೇ ಕಲಸಿ ತಂದು ಹಚ್ಚಿದರು, ಆ ಹುಡುಗನ ಪಾಲಿನದನ್ನೂ ಸೇರಿಸಿದಷ್ಟು ದಪ್ಪಗೆ.

ಒಂದು ಸಾಲಿಗೆ ಇಷ್ಟೊಂದು ಜನ ಅರ್ಥ ಹೇಳಿದೆವಲ್ಲ, ಯಾರ ಹೆಸರಿಗೆ ಬಂದಿತ್ತೋ ಅವಳನ್ನು ಒಂದು ಮಾತು ಕೇಳುವುದಕ್ಕೆ ನಮಗೆ ಯಾವ ಭಾಷೆ ಬರುತ್ತಿರಲಿಲ್ಲ?

ಬೆಳಿಗ್ಗೆ ರುಬ್ಬಿದ ಹಿಟ್ಟಿಗೆ ಉಪ್ಪು ಹಾಕುವುದು ಮರೆತಿತ್ತು. ಎದ್ದು ಹೋಗಿ ಹಾಕಿದೆ.